ಹಗುರಾದ ಅಕ್ಕಿ ಚೀಲ

ಹತ್ತು ಪೌಂಡಿನ ಅಕ್ಕಿ ಚೀಲ ಬಲಗೈಯಲ್ಲಿ ಸಲೀಸಾಗಿ ಮೇಲೆದ್ದಾಗ ಸುರಕ್ಷಾ ಬೆಚ್ಚಿ ಅದನ್ನು ಅಡುಗೆಮನೆಯ ನೆಲಕ್ಕಿಳಿಸಿದಳು. ಕಾರು ಅಪಘಾತದಲ್ಲಿ ತೋಳಿನ ನರಕ್ಕೆ ಪೆಟ್ಟಾದ ಮೇಲೆ, ನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ಇದೇ ಚೀಲವನ್ನು ಹಲ್ಲು ಕಚ್ಚಿ ಎತ್ತುತ್ತಿದ್ದಳು. ಕೈಯಲ್ಲಿರುವ ಭಾರವೇ ಗೊತ್ತಾಗದಷ್ಟು ಜೋಮು ಹಿಡಿದರೆ ಮತ್ತೆ ಆಪರೇಷನ್ ಬೇಕಾಗುತ್ತದೆ ಎಂದಿದ್ದರು ಡಾಕ್ಟರ್.

“ಅತ್ತೆ, ಇದರಲ್ಲಿ ಅಕ್ಕಿ ತೆಗೆದ್ರಾ?” ಎಂದು ಕೇಳಿದಳು.

“ನಿನ್ನ ಕಸರತ್ತಿನ ಅಕ್ಕೀನ ಯಾರಮ್ಮ ಮುಟ್ತಾರೆ? ಹೊಲಿಗೆನೇ ಬಿಚ್ಚಿಲ್ಲ, ನೋಡು,” ಎಂದರು ಅಲಮೇಲು, ಬೀನ್ಸ್ ಹೆಚ್ಚುತ್ತಲೇ.

ಹಾಗಾದರೆ ಕೆಟ್ಟಿರುವುದು ತನ್ನ ಕೈಯೇ. ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗುವ ತೂಕದ ಕೊಕ್ಕೆಯನ್ನು ಕ್ಲಾಸೆಟ್‌ನಿಂದ ತಂದು, ಚೀಲದ ಹಿಡಿಗೆ ಸಿಕ್ಕಿಸಿ, ಅದರ ಪಟ್ಟಿಯನ್ನು ಬಲಗೈಯಲ್ಲೇ ಹಿಡಿದು ಎತ್ತಿದಳು. ಕೊಕ್ಕೆಯ ಪುಟ್ಟ ಪರದೆಯಲ್ಲಿ ಅಂಕಿಗಳು ಕುಣಿದವು. ಕಡಿಮೆ ಬರಲಪ್ಪಾ ದೇವರೇ ಎಂದುಕೊಂಡಳು. ಅಂಕಿ ಸರಿಯಾಗಿ ಹತ್ತರಲ್ಲಿ ನಿಂತಿತು.

ಅವಳು ಅಲ್ಲಾಡಲಿಲ್ಲ. ತೆಳುವಾದ ಪಟ್ಟಿ ಮಾತ್ರ ನಿಧಾನವಾಗಿ ಬೆರಳುಗಳನ್ನು ಕೊರೆಯುತ್ತಿತ್ತು. ಮೊದಲು ಉರಿ, ಆಮೇಲೆ ನೋವು. ಅಪಘಾತವಾದಾಗಿನಿಂದ ಏನೂ ತಿಳಿಯದಿದ್ದ ಕಿರುಬೆರಳಿಗೂ ನೋವು.

“ಅತ್ತೆ, ನೋಯ್ತಿದೆ,” ಎಂದಳು, ಚೀಲವನ್ನು ಕೆಳಗಿಡದೆ. “ಕಿರುಬೆರಳು ನೋಯ್ತಿದೆ.”

ಅಲಮೇಲು ಚಾಕು ಹಿಡಿದೇ ಎದ್ದು ಬಂದರು. ಅಂಕಿ ನೋಡಿದರು, ಸೊಸೆಯ ಮುಖ ನೋಡಿದರು, ನೇತಾಡುತ್ತಿದ್ದ ಚೀಲದ ಬಾಯಿಯ ಹೊಲಿಗೆಯ ದಾರವನ್ನು ಕತ್ತರಿಸಿದರು.

“ಇವತ್ತು ಇದನ್ನೇ ಅನ್ನಕ್ಕಿಡ್ತೀನಿ. ಸಂಜೆ ನಾರ್‌ಕ್ರಾಸ್‌ನ ಇಂಡಿಯನ್ ಅಂಗಡಿಗೆ ಹೋಗಿ ಇಪ್ಪತ್ತು ಪೌಂಡಿಂದು ತರೋಣ. ಕಾರಿನ ತನಕ ನೀನೇ ಹೊತ್ಕೊಂಡು ಬರ್ಬೇಕು.”