ಪೂರ್ತಿ ಡೋಸ್

"ಅರ್ಧ ಡೋಸ್ ಹಾಕಿ, ಸಾಕು," ಎಂದು ಭಾವ ಲಸಿಕೆ ಕೋಣೆಯ ಸಿಸ್ಟರಿಗೆ ಅಪ್ಪಣೆ ಕೊಟ್ಟರು.

ಮಗು ತೂಕದ ಯಂತ್ರದ ಮೇಲೆ ಕಾಲು ಝಾಡಿಸುತ್ತಿತ್ತು. ಎರಡು ಕೆಜಿ ಮುನ್ನೂರು ಗ್ರಾಂ. ಏಳು ತಿಂಗಳಿಗೇ ಹುಟ್ಟಿ, ಐದು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದು, ಈಗ ಎರಡು ತಿಂಗಳು ತುಂಬಿದ ಕೂಸು. ತಂದೆಗೆ ರಜೆ ಸಿಗದ ಕಾರಣ ತಾಯಿಯ ಜೊತೆ ಬಂದವರು ಅವಳ ಈ ಭಾವ, ಮಗುವಿನ ದೊಡ್ಡಪ್ಪ. ವೃತ್ತಿಯಿಂದ ದರ್ಜಿ, ಬಿಡುವಿದ್ದಾಗಲೆಲ್ಲ ಮನೆಮಂದಿಗೆ ವೈದ್ಯರು.

"ಚಿಕ್ಕ ಮೈಗೆ ಕಮ್ಮಿ ಬಟ್ಟೆ ಸಾಕು ತಾನೇ?"

"ಇದು ಅಂಗಿ ಅಲ್ಲ ಯಜಮಾನ್ರೇ. ತೂಕ ಎಷ್ಟೇ ಇರ್ಲಿ, ಎಲ್ಲಾ ಮಕ್ಕಳಿಗೂ ಪೂರ್ತಿನೇ."

ಭಾವ ಸೋಲೊಪ್ಪುವ ಪೈಕಿ ಅಲ್ಲ. ಬೆರಳು ಮಡಚಿ ಲೆಕ್ಕ ಹಾಕಿದರು. "ಹೆರಿಗೆಗೆ ಡಾಕ್ಟರ್ ಕೊಟ್ಟಿದ್ದ ತಾರೀಖು ಮುಂದಿನ ವಾರ. ಅಂದ್ರೆ ಇದಿನ್ನೂ ಹುಟ್ಟೇ ಇಲ್ಲ! ಹುಟ್ಟದೇ ಇರೋ ಮಗೂಗೆ ಎರಡು ತಿಂಗಳ ಸೂಜಿ ಯಾಕೆ?"

"ಆ ಲೆಕ್ಕಾನ ನಾಯಿಕೆಮ್ಮಿಗೆ ನೀವೇ ಹೇಳಿಕೊಡ್ತೀರಾ?"

ತಾಯಿಗೆ ನಗು ಬರಲಿಲ್ಲ. "ಉಸಿರು ನಿಲ್ಲಲ್ವಾ ಸಿಸ್ಟರ್? ಪೆಟ್ಟಿಗೇಲಿದ್ದಾಗ ಎರಡು ಸಲ..."

ಸಿಸ್ಟರ್ ದನಿ ಮೆತ್ತಗಾಯಿತು. "ಇಂಥ ಮಕ್ಕಳು ಕೆಲವು ಸಲ ಉಸಿರಿಗೆ ತಡವರಿಸ್ತಾವಮ್ಮ. ಅದಕ್ಕೇ ಡಾಕ್ಟರ್ ನೋಡಿ ಬರ್ದಿದ್ದಾರೆ. ಎರಡು ದಿನ ವಾರ್ಡಲ್ಲೇ ಇಟ್ಕೊಂಡು, ಮಾನಿಟರ್ ಹಾಕಿ ನೋಡ್ಕೊಳ್ತೀವಿ."

"ಹಾಗಾದ್ರೆ ಹಾಕಿ. ಪೂರ್ತಿ." ಭಾವನ ಎದುರು ಅವಳು ದನಿ ಎತ್ತಿದ್ದು ಅದೇ ಮೊದಲು.

"ತೊಡೆ ಗಟ್ಟಿಯಾಗಿ ಹಿಡ್ಕೊಳ್ಳೋರು ಯಾರು?" ಎಂದು ಸಿಸ್ಟರ್ ಸೂಜಿ ಎತ್ತಿದ್ದೇ ತಡ, ಮೂವತ್ತು ವರ್ಷ ಸೂಜಿಯಿಂದಲೇ ಅನ್ನ ತಿಂದ ಭಾವನ ಮುಖ ಬಿಳಿಚಿತು. ಯಾರಿಗೋ ತುರ್ತಾಗಿ ಫೋನ್ ಮಾಡುವುದಿದೆ ಎಂದು ಗೊಣಗುತ್ತ ಹೊರಗೆ ಹೋದರು. ಬಾಗಿಲು ಮುಚ್ಚಿಯೇ ಹೋದರು.

ತನ್ನ ಹೆಬ್ಬೆರಳಿಗಿಂತ ತುಸುವೇ ದಪ್ಪಗಿದ್ದ ಆ ತೊಡೆಯನ್ನು ಅವಳೇ ಹಿಡಿದಳು. ಪೆಟ್ಟಿಗೆಯಲ್ಲಿದ್ದಷ್ಟು ದಿನ ಕುಂಯ್ ಅನ್ನಲೂ ತ್ರಾಣವಿರದಿದ್ದ ಕೂಸು ಕೋಣೆ ಹಾರಿಹೋಗುವಂತೆ ಕಿರುಚಿತು. ಅವಳು ಅಳುತ್ತಲೇ ನಕ್ಕಳು.

ಸ್ವಲ್ಪ ಹೊತ್ತಿಗೆ, ವಾರ್ಡಿನ ಬಾಗಿಲಾಚೆಯಿಂದ ಭಾವನ ಗಟ್ಟಿ ದನಿ ಕೇಳಿಸಿತು. "ಹೂಂ, ಹಾಕಿಸ್ದೆ. ನಾನೇ ಹಿಡ್ಕೊಂಡಿದ್ದೆ. ಅವಳೆಲ್ಲಿ, ಹೆಣ್ಣು ಜೀವ! ನೋಡಕ್ಕಾಗ್ದೆ ಹೊರಗೆ ಓಡಿಹೋದ್ಲು."

ಸಿಟ್ಟು ಮಾಡಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ. ಮಲಗಿದ್ದ ಮಗುವಿನ ಎದೆಯ ಮೇಲೆ ಎರಡು ಬೆರಳಿಟ್ಟು ಉಸಿರು ಎಣಿಸುತ್ತಿದ್ದಳು.