ಪುಸ್ತಕವಿದ್ದ ಮನೆ

“ಬಾಗ್ಲು ಬುಡ್ರಿ, ಒಳಕ್ಕೆ ಕರ್ಕೊಂಡ್ ಬತ್ತೀನಿ,” ಎಂದಳು ಓಬಳಮ್ಮ. ದೊಡ್ಡಹನುಮಯ್ಯ ಬಿಡಲಿಲ್ಲ. ಎರಡೂ ಕೈಯನ್ನು ಬಾಗಿಲವಾಡಕ್ಕೆ ಕೊಟ್ಟು ಹೊಸ್ತಿಲ ಮೇಲೆ ನಿಂತಿದ್ದ. ಹಿತ್ತಲ ದನದ ಕೊಟ್ಟಿಗೆಯಲ್ಲಿ ಸೊಸೆ ಲಕ್ಕಮ್ಮ ಬೆಳಗಿನಿಂದ ನೋವು ತಿನ್ನುತ್ತಿದ್ದಳು. ಚೊಚ್ಚಲು. ನಯಾಪೈಸೆ ಬಂದ ವರ್ಷದ ಜಡಿಮಳೆ. ಕೊಟ್ಟಿಗೆಯ ಸೂರಿನ ಹುಲ್ಲು ಕೊಳೆತು ನೀರು ಅವಳ ಹೊಟ್ಟೆಯ ಮೇಲೇ ತೊಟ್ಟಿಕ್ಕುತ್ತಿತ್ತು. ಮಗ ಗಾಡಿ ತುಂಬ ಕಡಲೆಕಾಯಿ ಹೇರಿಕೊಂಡು ಪಾವಗಡಕ್ಕೆ ಹೋದವನು ಹಳ್ಳ ಬಂದು ಆಚೆಗೇ ಉಳಿದಿದ್ದ.

“ಒಳಗೆ ಪುಸ್ತಕ ಐತೆ ಕಣೇ. ಹೆರಿಗೆ ಮೈಲಿಗೆ ಅದರ ಮುಂದಕ್ಕೆ ತರಂಗಿಲ್ಲ.”

“ಮೈಲಿಗೆ ಅನ್ನೋದೇ ಇಲ್ಲ ಅಂದ್ರಲ್ಲ ಉಪದೇಶಿಗಳು?”

“ನಮಗಿಲ್ಲ. ಪುಸ್ತಕಕ್ಕೈತೆ.”

ಓಬಳಮ್ಮನ ಗಂಡನಿಗೆ ದೀಕ್ಷಾಸ್ನಾನವಾಗಿ ದೇವದಾನಪ್ಪ ಎಂದು ಹೆಸರಿಟ್ಟು ಎರಡು ವರ್ಷವಾಗಿತ್ತು. ಊರು ಆ ಹೆಸರನ್ನು ಇನ್ನೂ ಕಿವಿಗೆ ಹಾಕಿಕೊಂಡಿರಲಿಲ್ಲ. ಉಪದೇಶಿಗಳು ಕೊಟ್ಟ ಬೈಬಲನ್ನು ಅವನು ರೇಷ್ಮೆ ತುಂಡಿನಲ್ಲಿ ಸುತ್ತಿ, ಹಳೆಯ ದೇವರುಗಳನ್ನು ಇಳಿಸಿದ ಗೂಡಿನಲ್ಲೇ ಇಟ್ಟಿದ್ದ. ದಿನಾ ತಣ್ಣೀರಲ್ಲಿ ಮಿಂದು, ಕಣ್ಣಿಗೊತ್ತಿಕೊಂಡು, ಮತ್ತೆ ಇಡುತ್ತಿದ್ದ. ಓದು ಬರುತ್ತಿರಲಿಲ್ಲ. ಬಂದಿದ್ದರೂ ತೆರೆಯುತ್ತಿರಲಿಲ್ಲ, ಕಂಡಕಂಡವರು ತೆರೆದರೆ ದೇವರಿಗೆ ಸಲುಗೆಯಾಗುತ್ತದೆ ಎಂಬುದು ಅವನ ಎಣಿಕೆ. ಓಬಳಮ್ಮ ತಲೆಗೆ ನೀರು ಹಾಕಿಸಿಕೊಂಡಿದ್ದು ಮಾತ್ರ ಬೇರೆ ಲೆಕ್ಕದಲ್ಲಿ. ಹೆರುವವರನ್ನು ದೂರವಿಡುವ ಊರಾಚೆಯ ಸೊಪ್ಪಿನ ಗುಡ್ಲಲ್ಲಿ ಮೂರು ಹೆತ್ತು, ಎರಡನ್ನು ಅಲ್ಲೇ ಮಣ್ಣಿಗೆ ಕೊಟ್ಟು ಬಂದವಳು ಅವಳು. ಹೆಣ್ಣು ಹೆರುವುದು ಮೈಲಿಗೆಯಲ್ಲ ಎಂದು ಉಪದೇಶಿಗಳು ಅಂದ ದಿನವೇ ಸೆರಗು ಸರಿಮಾಡಿಕೊಂಡು ಎದ್ದು ನಿಂತಿದ್ದಳು.

ಕೊಟ್ಟಿಗೆಯಿಂದ ಸೂಲಗಿತ್ತಿ ಅಮೀರ್ ಬಿ ಗೋಣಿ ಹೊದ್ದುಕೊಂಡು ಓಡಿಬಂದಳು. “ಅರೆ ಹನುಮಯ್ಯಣ್ಣ, ಹುಡುಗಿ ನಡುಗ್ತಾವ್ಳೆ. ಒಲೆ ಮುಂದೆ ಮಲಗಿಸ್ಬೇಕು. ನಮ್ಮನೇಲೂ ಕಿತಾಬ್ ಐತೆ. ಅದೇ ಮನೇಲಿ ನಾನು ನಾಲ್ಕು ಹೆತ್ತಿವ್ನಿ. ಅದೇನು ಎದ್ದು ಓಡೋಗಿಲ್ಲ!”

“ನಿಮ್ದು ನಿಮಗೆ ಬೂಬಮ್ಮ. ನಮ್ ಸ್ವಾಮಿ ಹುಟ್ಟಿದ್ದೂ ಕೊಟ್ಟಿಗೇಲೇ.”

“ಅಲ್ಲಿ ಮಳೆ ಹುಯ್ತಿತ್ತಾ ಕೇಳು!”

ಅವನು ಕೇಳುವಂತಿರಲಿಲ್ಲ, ಉಪದೇಶಿಗಳು ಇದ್ದದ್ದು ಮಧುಗಿರಿಯಲ್ಲಿ. ಅಮೀರ್ ಬಿ ದನಿ ಇಳಿಸಿದಳು. “ಹೋಗ್ಲಿ, ಪುಸ್ತಕಾನೇ ಎತ್ತಿ ನಮ್ಮನೇಲಿಡು. ಕಣ್ಣಲ್ಲಿ ಕಣ್ಣಿಟ್ಟು ಕಾಯ್ತೀನಿ.”

“ಮಾಂಸ ಬೇಯ್ಸೋ ಮನೇಲಾ?”

“ನೀನೇನು ಸೊಪ್ಪು ತಿಂದು ಬದುಕಿದ್ದೀಯಾ?”

“ಭಾನುವಾರ ತಿನ್ನಲ್ಲ,” ಎಂದ ದೊಡ್ಡಹನುಮಯ್ಯ.

ಅವನು ಕಲ್ಲೆದೆಯವನೇನಲ್ಲ. ಹೆಂಗಸರು ಕೊಟ್ಟಿಗೆಗೆ ಹೋದ ಮೇಲೆ ಇನ್ನೊಂದು ಸಲ ಮಿಂದು, ಒದ್ದೆ ಪಂಚೆಯಲ್ಲೇ ಗೂಡಿನ ಮುಂದೆ ಮೊಣಕಾಲೂರಿ, ಲಕ್ಕಮ್ಮನ ಹೆಸರು ಹಿಡಿದು ಗಟ್ಟಿಯಾಗಿ ಬೇಡಿಕೊಂಡ. ಆ ಬೇಡಿಕೆ ಮಳೆಯ ಸದ್ದನ್ನೂ ಮೀರಿ ಕೊಟ್ಟಿಗೆಗೆ ಕೇಳಿಸುತ್ತಿತ್ತು. “ಮಾವ ಯಾಕತ್ತೆ ಅಳ್ತಾವ್ರೆ?” ಎಂದಳು ಲಕ್ಕಮ್ಮ, ಹಲ್ಲು ಕಚ್ಚಿಕೊಂಡು. “ನಾನೇನ್ ಸತ್ತಿಲ್ಲವಲ್ಲ.”

ದೀಪ ಹಚ್ಚುವ ಹೊತ್ತಿಗೆ ಗಂಡುಕೂಸು ಹುಟ್ಟಿತು. ಒಂದು ಸಲ ಚೆನ್ನಾಗಿಯೇ ಅತ್ತಿತು. ಗಂಡ ಹೊಸ್ತಿಲಾಚೆಗೆ ನೀಡಿದ ಕೆಂಡವನ್ನು ಓಬಳಮ್ಮ ಒಡೆದ ಮಡಕೆಯ ಬೋಕಿಯಲ್ಲಿ ತುಂಬಿ ತಂದಳು. ಹಿತ್ತಲು ದಾಟುವಷ್ಟರಲ್ಲಿ ಮಳೆ ಅರ್ಧ ನುಂಗಿತ್ತು, ಉಳಿದದ್ದನ್ನು ಕೊಟ್ಟಿಗೆಯ ಕೆಸರು ನುಂಗಿತು. ಕೂಸಿನ ತುಟಿ ನೀಲಿಗೆ ತಿರುಗಿತು. ಅವಳು ಅದನ್ನು ಎದೆಗವಚಿಕೊಂಡು ಹೊಸ್ತಿಲವರೆಗೂ ಓಡಿದಳು. ಬಾಗಿಲು ಹಾಕಿರಲಿಲ್ಲ. ಒಳಗೆ ಗಂಡ ಬೆನ್ನು ತಿರುಗಿಸಿ ಮೊಣಕಾಲ ಮೇಲಿದ್ದ. ನುಗ್ಗಿಬಿಡಬಹುದಾಗಿತ್ತು. ಆದರೆ ಹೊಸ್ತಿಲು ಕಂಡೊಡನೆ, ಸೊಪ್ಪಿನ ಗುಡ್ಲಿನ ದಿನಗಳಿಂದ ಪಳಗಿದ ಅವಳ ಕಾಲು ತನ್ನಷ್ಟಕ್ಕೆ ತಾನೇ ನಿಂತಿತು.

“ಏನಂದ್ರೆ… ಕೂಸು ತಣ್ಣಗಾಗ್ತೈತೆ…”

“ಒಂದ್ ಗಳಿಗೆ ತಡಿ. ಮುಗೀತಾ ಬಂತು,” ಎಂದ ಅವನು, ತಿರುಗದೆ.

ಎರಡೂ ಮುಗಿದವು. ಯಾವುದು ಮೊದಲು ಮುಗಿಯಿತೆಂದು ಓಬಳಮ್ಮ ಗಂಡನಿಗೆ ಹೇಳಲಿಲ್ಲ.

ಮರುದಿನ ಮಳೆ ತುಸು ಬಿಟ್ಟಾಗ, ಸುದ್ದಿ ಮುಟ್ಟಿ, ಉಪದೇಶಿಗಳು ಸೈಕಲ್ಲಿನಲ್ಲಿ ಬಂದರು. ಲಕ್ಕಮ್ಮನ ತಲೆ ಸವರಿ, ಕೂಸನ್ನು ತಾವೇ ಎತ್ತಿಕೊಂಡು ಕಣ್ಣೊರೆಸಿಕೊಂಡರು. ಹಿತ್ತಲಲ್ಲಿ ಗುಂಡಿ ತೆಗೆದಾಗಿತ್ತು. “ನನ್ನ ಬೈಬಲು ನೆನೆಯುತ್ತೆ ಅಂತ ತರಲಿಲ್ಲ,” ಎಂದರು. “ನಿಮ್ಮದು ಕೊಡಪ್ಪ, ಎರಡು ಮಾತು ಓದಿ ಮಣ್ಣು ಮಾಡೋಣ.”

ದೊಡ್ಡಹನುಮಯ್ಯ ಜಗಲಿಯಿಂದ ಎದ್ದು ಕೈಮುಗಿದ. “ಸೂತಕ ಅಯ್ಯ. ಕಳೆಯೋಗಂಟ ನಾವ್ಯಾರೂ ಮುಟ್ಟಂಗಿಲ್ಲ.”

“ನಾನು ಒಳಗೆ ಹೋಗಿ ತಗೋತೀನಿ ಬಿಡು.”

“ನೀವೂ ಕೂಸ್ನ ಮುಟ್ಟಿದ್ರಿ,” ಎಂದ ಅವನು. ಹೇಳುವಾಗ ಅವನ ಕಣ್ಣಿಂದ ನೀರು ಸುರಿಯುತ್ತಿತ್ತು.

ಉಪದೇಶಿಗಳು ಬಾಯಿಗೆ ಬಂದಷ್ಟನ್ನು ಹೇಳಿ ಮಣ್ಣು ಹಾಕಿದರು. ಅವರ ಸೈಕಲ್ಲು ಊರು ದಾಟುವಷ್ಟರಲ್ಲಿ ಜಡಿ ಮತ್ತೆ ಹಿಡಿಯಿತು. ಲಕ್ಕಮ್ಮ ಕೊಟ್ಟಿಗೆಯಲ್ಲಿ, ಅವಳ ತಲೆ ಓಬಳಮ್ಮನ ತೊಡೆಯ ಮೇಲೆ. ದೊಡ್ಡಹನುಮಯ್ಯ ಜಗಲಿಯ ಮೂಲೆಯಲ್ಲಿ, ತಲೆಗೆ ಗೋಣಿ ಹಾಕಿಕೊಂಡು. ಬಾಗಿಲಿಗೆ ಚಿಲಕ ಹಾಕಿತ್ತು. ಒಳಗೆ ಪುಸ್ತಕವೊಂದೇ ಬೆಚ್ಚಗಿತ್ತು.