ಕುರ್ಚಿಗೆ ಹೇಳುವ ತೂಕ

ಮನಸ್ಸಿನ ಭಾರವೂ ತಕ್ಕಡಿಯಲ್ಲಿ ತೂಗತೊಡಗಿದ ಮೇಲೆ, ಹೆಲಿಕಾಪ್ಟರ್ ಏರುವ ಮುನ್ನ ಪೈಲಟ್‌ಗಳೆಲ್ಲ ದಾನಮ್ಮನ ಮುಂದೆ ನಿಲ್ಲಬೇಕಿತ್ತು. ಅವಳು ಬರೆದುಕೊಟ್ಟ ಚೀಟಿ ನೋಡಿ ಅವರವರ ಕುರ್ಚಿಯ ಗುಂಡಿಯನ್ನು ಆ ತೂಕಕ್ಕೆ ತಿರುಗಿಸುತ್ತಿದ್ದರು. ಹೆಲಿಕಾಪ್ಟರ್ ನೆಲಕ್ಕಪ್ಪಳಿಸಿದರೆ ಕುರ್ಚಿ ಒಂದು ಗೇಣು ಮೆಲ್ಲಗೆ ಕುಸಿದು ಹೊಡೆತವನ್ನು ತಾನೇ ನುಂಗಬೇಕು. ತೂಕ ತಪ್ಪಿದರೆ ಬೆನ್ನುಮೂಳೆ ಉಳಿಯದು. ನೂರು ಕಿಲೋ ದಾಟಿದವರು ಹಾರುವಂತಿಲ್ಲ.

"ನೂರಾ ಮೂರು," ಎಂದಳು ದಾನಮ್ಮ, ತಕ್ಕಡಿಯ ಮೇಲಿದ್ದ ಸಂಗನಬಸವನಿಗೆ. "ಮೈಯಾಗ ಎಪ್ಪತ್ತೂ ಇಲ್ಲ ನೀನು. ಏನ್ ಹೊತ್ಕೊಂಡ್ ಬಂದೀಯೋ?"

"ಗಡಿಯಾಗ ಗಾಯ ಆದವ್ರು ಕಾಯಾಕತ್ತಾರ್ರಿ ಅಕ್ಕಾರ. ನನ್ನ ಬಿಟ್ರ ಹೋಗವ್ರಿಲ್ಲ."

ಹೇಳಿಕೊಂಡರೆ ಭಾರ ಇಳಿಯುತ್ತದೆ. ಇಳಿದದ್ದು ಕೇಳಿದವರ ಮೇಲೆ ಕೂರುತ್ತದೆ. ಬೆಳಗಿನಿಂದ ಆರು ಜನರದ್ದು ಕೇಳಿ ದಾನಮ್ಮನ ಮೊಣಕಾಲುಗಳು ಸೋತಿದ್ದವು. ಬರೀ ಮೂರು ಕಿಲೋ ತಾನೇ ಎಂದುಕೊಂಡು ಅವಳು ಚೀಟಿಯಲ್ಲಿ ನೂರು ಎಂದೇ ಬರೆದಳು.

"ಬ್ಯಾಡ್ರಿ!" ಸಂಗನಬಸವ ಅವಳ ಕೈ ಹಿಡಿದ. "ಹೋದ ವಾರ ನನ್ನ ಜೋಡಿ ಹಾರಿದ ಫಕೀರಗೌಡನ ಚೀಟಿ ನಾನಽ ಹಿಂಗ ತಿದ್ದಿದ್ದೆ. ಅವ ನಕ್ಕೋತ ಕೇಳಿದ, ನಾ ನಕ್ಕೋತ ತಿದ್ದಿದೆ. ಬಿದ್ದಾಗ ನನ್ನ ಕುರ್ಚಿ ತಡೀತು. ಅವಂದು ಪೂರಾ ನೆಲಕ್ಕ ಬಡೀತು."

ದಾನಮ್ಮ ಚೀಟಿ ಹರಿದು, ಪುರಾಣ ಕೇಳುವವಳಂತೆ ಕೈಮುಗಿದು ಕೂತಳು. "ಹೇಳಪ್ಪ. ಎಲ್ಲಾ ಹೇಳು."

ಅವನು ಹೇಳಿ ಮುಗಿಸಿದಾಗ ಮುಳ್ಳು ತೊಂಬತ್ತೇಳರಲ್ಲಿತ್ತು. ಅಷ್ಟನ್ನೇ ಬರೆದು ಅವನನ್ನು ಕಳಿಸಿ, ಅವಳು ಏಳಲು ನೋಡಿದಳು. ಆಗಲಿಲ್ಲ. ಹೊರಗೆ ಇನ್ನೂ ಇಬ್ಬರು ನಿಂತಿದ್ದರು.

"ಹತ್ತರ ಬಂದು ಹೇಳ್ರೆಪಾ," ಎಂದಳು, ಕೂತಲ್ಲಿಂದಲೇ.